ಪಕ್ಕದ ಮನೆಯ ಗೋಡೆಯನ್ನೂ ನೋಡಿ ಬನ್ನಿ

"ಸಾರ್, ಮನೆ ನೋಡಿದ್ವಿ. ಅಡ್ವಾನ್ಸ್ ಕೊಡೋದೊಂದೇ ಬಾಕಿ. ನೀವೊಮ್ಮೆ ಬಂದು ನೋಡಿಬಿಡಿ." ನನಗೆ ಬರುವ ಫೋನುಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಮನಸ್ಸು ಆಗಲೇ ಒಪ್ಪಿರುತ್ತದೆ. ಎಂಜಿನಿಯರ್ ಬಾಯಲ್ಲಿ "ಚೆನ್ನಾಗಿದೆ" ಅನ್ನಿಸುವುದಷ್ಟೇ ಉಳಿದಿರುತ್ತದೆ.

ರೋ ಹೌಸ್ ಅಂದರೆ ಸಾಲಾಗಿ ನಾಲ್ಕೋ ಐದೋ ಮನೆ, ನಡುವೆ ಒಂದೊಂದೇ ಗೋಡೆ. ಬಳ್ಳಾರಿಗೆ ಇದು ಹೊಸದೇನಲ್ಲ. ಬ್ರೂಸ್‌ಪೇಟೆ, ಕೌಲ್ ಬಜಾರ್‌ನ ಹಳೇ ಓಣಿಗಳಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳೇ ಜಾಸ್ತಿ. ಆದರೆ ಹಳೇ ಪತ್ರಗಳಲ್ಲಿ "ಸಾಮಾಯಿಕ ಗೋಡೆ", ಅಂದರೆ ಇಬ್ಬರಿಗೂ ಸೇರಿದ ಗೋಡೆ ಎಂದು ಬರೆದಿರುತ್ತಿದ್ದರು. ಈಗ ನನ್ನ ಕೈಗೆ ಬರುವ ಕ್ರಯಪತ್ರಗಳಲ್ಲಿ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಇರುತ್ತದೆ, ಆ ಗೋಡೆಯ ಮಾತೇ ಇರುವುದಿಲ್ಲ.

ನಮ್ಮ ನೆಲದ ಗುಣ ಗೊತ್ತಲ್ಲ. ಗುಡ್ಡದ ಹತ್ತಿರ ನಾಲ್ಕಡಿ ಅಗೆದರೆ ಗರಸೋ ಬಂಡೆಯೋ ಸಿಗಬಹುದು. ಊರು ದಾಟಿ ಹೊಲಗಳ ಕಡೆ ಹೋದರೆ ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಸಾಮಾನ್ಯ ಪಾಯ ಹಾಕಿದರೆ ಮನೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಎರೆಮಣ್ಣು ತೆಗೆದು ಗಟ್ಟಿ ಗರಸಿನವರೆಗೆ ಇಳಿದರಾ, ಇಲ್ಲವೇ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಹಾಕಿದರಾ ಎಂದು ಬಿಲ್ಡರನ್ನು ಕೇಳಿ. ಪಾಯದ ಫೋಟೊ ತೋರಿಸಲಿ. ಫೋನಿನಲ್ಲಿ ಎಲ್ಲರ ಹತ್ತಿರ ಕ್ಯಾಮೆರಾ ಇರುವ ಕಾಲ ಇದು.

ಒಂದು ತಪ್ಪು ನಾನೂ ಮಾಡಿದ್ದೇನೆ. ಗಂಡ ಹೆಂಡತಿ ಇಬ್ಬರೂ ಮೇಷ್ಟ್ರು. ಐದು ಮನೆಗಳ ಸಾಲಿನಲ್ಲಿ ಮೂರನೆಯದನ್ನು ನೋಡಿದ್ದರು. ಗೋಡೆ ತೂಗುಗುಂಡಿಗೆ ಸರಿಯಿತ್ತು, ಬಣ್ಣ ಹೊಸದು, "ತಗೊಳ್ಳಿ" ಎಂದೆ. ಮರು ಮಳೆಗಾಲಕ್ಕೆ ಹಾಲ್‌ನ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಎದ್ದಿತು. ಹುಡುಕಿದರೆ ಎರಡನೇ ಮನೆಯ ಸಂಪು ಸೋರುತ್ತಿತ್ತು. ಅದೂ ಎರಡು ವರ್ಷದಿಂದ! ಇವರ ಪಾಯದ ಕೆಳಗಿನ ಮಣ್ಣು ಅವರ ನೀರು ಕುಡಿದು ಉಬ್ಬಿತ್ತು. ಅಂದು ಪಕ್ಕದ ಮನೆಯೊಳಗೆ ಒಂದು ಹೆಜ್ಜೆ ಇಟ್ಟಿದ್ದರೆ ಗೋಡೆಯ ಬುಡದ ತೇವ ನನಗೇ ಕಾಣುತ್ತಿತ್ತು.

ಗಿಲಾವಿನ ಕೂದಲೆಳೆ ಬಿರುಕಿಗೆ ಹೆದರಬೇಡಿ. ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೋಗುವುದು, ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲಿನಂತೆ ಇಳಿಯುವುದು, ಇವು ಬೇರೆ ಜಾತಿ, ಪಾಯ ಅಲುಗಿರಬಹುದು ಎಂಬ ಸುಳಿವು. ಮಳೆಗಾಲದಲ್ಲಿ ಹಿಡಿದು ಬೇಸಿಗೆಯಲ್ಲಿ ಸಡಿಲವಾಗುವ ಬಾಗಿಲೂ ಸುಳಿವೇ, ಆದರೆ ಮರವೂ ಹಾಗೆ ಮಾಡುತ್ತದೆ. ಹಳೇ ಮನೆಗೆ ಮೊನ್ನೆ ತಾನೆ ಪುಟ್ಟಿ ಹೊಡೆದಿದ್ದರೆ ಏಕೆ ಎಂದು ಕೇಳಿ.

ಎಲ್ಲರಿಗೂ ಮೂಲೆ ಮನೆಯೇ ಬೇಕು. ನಾನು ಒಪ್ಪುವುದಿಲ್ಲ. ಮೂಲೆ ಮನೆಯ ಬರಿ ಗೋಡೆ ಪಶ್ಚಿಮಕ್ಕಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿಯೂ ಬಿಸಿ ಉಗುಳುತ್ತದೆ. ನಡುವಿನ ಮನೆಗೆ ಎರಡೂ ಬದಿ ನೆರಳು. ಆದರೆ ಅಲ್ಲಿ ಗಾಳಿ ಮುಂದಿನಿಂದ ಹಿಂದಕ್ಕೆ ಮಾತ್ರ ಓಡಬೇಕು. ಹಿಂದಿನ ಕಿಟಕಿಗೆ ಎರಡಡಿ ದೂರದಲ್ಲಿ ಇನ್ನೊಂದು ಗೋಡೆ ಇದ್ದರೆ ಅದು ಹೆಸರಿಗಷ್ಟೇ ಕಿಟಕಿ. ಮನೆಯನ್ನು ಬೆಳಿಗ್ಗೆ ಅಲ್ಲ, ಮಧ್ಯಾಹ್ನ ಮೂರಕ್ಕೆ ನೋಡಿ.

ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಬಿಲ್ಡರನ್ನಲ್ಲ, ಓಣಿಯವರನ್ನು ಕೇಳಿ. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ಲೆಕ್ಕ. ನಾಲ್ಕು ಜನಕ್ಕೆ 540. ಎಂಟು ದಿನಕ್ಕೊಮ್ಮೆ ಎಂದರೆ 4,320 ಲೀಟರ್ ಹಿಡಿಯುವ ಸಂಪು ಬೇಕು. ಬೋರ್‌ವೆಲ್ ಐದು ಮನೆಗೆ ಒಂದೇ ಆದರೆ ಮೋಟರಿನ ಕರೆಂಟ್ ಬಿಲ್ ಯಾರ ಹೆಸರಲ್ಲಿದೆ ಅಂತಲೂ ನೋಡಿ. ಜಗಳ ಅಲ್ಲಿಂದಲೇ ಶುರು.

ಭೂ ಪರಿವರ್ತನೆ, ಇಸಿ (ಋಣಭಾರ ಪತ್ರ), ಇ-ಖಾತಾ, ಇವನ್ನು ವಕೀಲರು ನೋಡುತ್ತಾರೆ. ನಾನು ಕೇಳುವುದು ಒಂದೇ: ಜಾಗ ನಿಮ್ಮ ಹೆಸರಿಗೆ ಬಿಡಿಯಾಗಿ ಬರುತ್ತದಾ, ಅಥವಾ ಒಟ್ಟು ಜಾಗದಲ್ಲಿ ಅವಿಭಾಜ್ಯ ಪಾಲಾ? ಪಾಲಾದರೆ ನಾಳೆ ಮೇಲೊಂದು ಮಹಡಿ ಎತ್ತಲು ಉಳಿದವರ ಒಪ್ಪಿಗೆ ಬೇಕಾಗಬಹುದು. ಜಾಗ ಬಿಡಿಯಾಗಿದ್ದರೂ ಪಿಲ್ಲರು ಇಬ್ಬರದೂ ಒಂದೇ ಆಗಿದ್ದರೆ ಕಷ್ಟ ತಪ್ಪಿದ್ದಲ್ಲ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಆದರೆ 500 ಚದರ ಮೀಟರ್ ಮೀರದ ಜಾಗಕ್ಕೆ, ಇಲ್ಲವೇ ಎಂಟು ಮನೆ ಮೀರದ ಯೋಜನೆಗೆ ರೇರಾ ನೋಂದಣಿ ಬೇಕಿಲ್ಲ. ಎರಡು ಮೂರು ಸೈಟು ಸೇರಿಸಿ ಕಟ್ಟುವ ರೋ ಹೌಸ್‌ಗಳು ಇದರೊಳಗೇ ಬರುತ್ತವೆ. ಹಾಗಾಗಿ ಐದು ವರ್ಷದ ಮಾತನ್ನೂ ಗೋಡೆಯ ಮಾತನ್ನೂ ಕರಾರಿನಲ್ಲೇ ಬರೆಸಿಕೊಳ್ಳಿ.

ಈಗ ಯಾರು ಕರೆದರೂ ನಾನು ಮೊದಲು ಪಕ್ಕದ ಮನೆಯ ಬಾಗಿಲು ತಟ್ಟುತ್ತೇನೆ. "ಅಮ್ಮಾ, ಒಂದ್ನಿಮಿಷ ಒಳಗಡೆ ಗೋಡೆ ನೋಡ್ಲಾ?" ಅಂದರೆ ಇಲ್ಲ ಅಂದವರು ಕಡಿಮೆ. ಚಹಾ ಬರುವುದರೊಳಗೆ ಸಂಪಿನ ಕಥೆಯೂ ಬಂದಿರುತ್ತದೆ.