ಸ್ಲೀಪ್‌ನಿಂದ ಎದ್ದ ಮೇಲೆ ವೈಫೈ ಮಾಯ: ಲಿನಕ್ಸ್ ಟಿಪ್ಪಣಿ

ಲ್ಯಾಪ್‌ಟಾಪ್ ಮುಚ್ಚಿಟ್ಟು ಊಟಕ್ಕೆ ಹೋಗುತ್ತೀರಿ. ಬಂದು ತೆರೆದರೆ ವೈಫೈ ಪಟ್ಟಿ ಖಾಲಿ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ನಿಜ. ಆದರೆ ತೆರೆದಿಟ್ಟ ಕೆಲಸವನ್ನೆಲ್ಲ ಮುಚ್ಚಬೇಕು, ಅಲ್ವಾ? ಅದಕ್ಕೇ ಒಳಗೆ ಏನಾಗುತ್ತದೆ ಎಂದು ತಿಳಿದುಕೊಳ್ಳೋಣ. ಇಲ್ಲಿ ಇಂಟೆಲ್ ಕಾರ್ಡ್ ಉದಾಹರಣೆ.

ವೈಫೈ ಕಾರ್ಡ್‌ನೊಳಗೆ ಒಂದು ಪುಟ್ಟ ಪ್ರೊಸೆಸರ್ ಇದೆ. ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಇರುವುದು ನಮ್ಮ ಡಿಸ್ಕ್‌ನಲ್ಲಿ. ಲಿನಕ್ಸ್‌ನಲ್ಲಿ ಕಾರ್ಡ್ ಜೊತೆ ಮಾತಾಡುವ ಪ್ರೋಗ್ರಾಂ, ಅಂದರೆ ಡ್ರೈವರ್, ಅದನ್ನು ಓದಿ ಕಾರ್ಡ್‌ನ ಮೆಮೊರಿಗೆ ತುಂಬುತ್ತದೆ. ಸ್ಲೀಪ್‌ನಲ್ಲಿ ಕಾರ್ಡ್‌ಗೆ ಕರೆಂಟ್ ನಿಂತರೆ ಆ ಮೆಮೊರಿ ಅಳಿಸಿಹೋಗುತ್ತದೆ. ಎದ್ದ ಮೇಲೆ ಮತ್ತೆ ತುಂಬಬೇಕು. ಈ ಹೆಜ್ಜೆ ತಪ್ಪಿದರೆ ಡ್ರೈವರ್ ಎಷ್ಟು ಕರೆದರೂ ಕಾರ್ಡ್ ಓಗೊಡುವುದಿಲ್ಲ.

ಮೊದಲು ಟರ್ಮಿನಲ್‌ನಲ್ಲಿ 'ಆರ್‌ಎಫ್‌ಕಿಲ್ ಲಿಸ್ಟ್' ಎಂಬ ಕಮ್ಯಾಂಡ್ ಕೊಟ್ಟು ವೈಫೈ ಬ್ಲಾಕ್ ಆಗಿದೆಯೇ ನೋಡಿ. ಬ್ಲಾಕ್ ಆಗಿದ್ದರೆ ಬಹುಶಃ ಡ್ರೈವರ್‌ನ ತಪ್ಪಲ್ಲ, ಸುಮ್ನೆ ಕೀಬೋರ್ಡ್‌ನ ಏರೋಪ್ಲೇನ್ ಕೀ ಒತ್ತಿರಬಹುದು ಅಷ್ಟೆ.

ಬ್ಲಾಕ್ ಇಲ್ಲದಿದ್ದರೆ ಕರ್ನಲ್ ಲಾಗ್ (ಲಿನಕ್ಸ್‌ನ ತಿರುಳು ಬರೆದಿಡುವ ದಾಖಲೆ) ತೆರೆಯಿರಿ. ಅದರಲ್ಲಿ 'ಪಿಎಂ: ಸಸ್ಪೆಂಡ್ ಎಕ್ಸಿಟ್' ಎಂಬ ಸಾಲು ಹುಡುಕಿ. ಲ್ಯಾಪ್‌ಟಾಪ್ ಎದ್ದು ಮುಗಿಸಿದ ಗಳಿಗೆ ಅದು. ಅದರ ಆಸುಪಾಸಿನಲ್ಲೇ 'ಐಡಬ್ಲ್ಯೂಎಲ್‌ವೈಫೈ' (ಇಂಟೆಲ್ ವೈಫೈ ಡ್ರೈವರ್) ಹೆಸರಿನ ಎರರ್‌ಗಳು ಶುರುವಾಗಿ, ಸ್ಲೀಪ್‌ಗೆ ಮುಂಚೆ ಎಲ್ಲ ತಣ್ಣಗಿದ್ದರೆ, ತೊಂದರೆ ಎಲ್ಲಿದೆ ಎಂದು ಗೊತ್ತಾಯಿತು. ನನಗೆ ಈ ಒಂದು ಸಾಲು ಕಲಿಸಿದಷ್ಟು ಬೇರೆ ಯಾವುದೂ ಕಲಿಸಿಲ್ಲ.

ಇನ್ನು ಡ್ರೈವರ್ ಇಳಿಸಿ ಏರಿಸುವುದು. 'ಎಲ್‌ಎಸ್‌ಮಾಡ್' ಕೊಟ್ಟರೆ ಕೊನೆಯ ಕಾಲಂನಲ್ಲಿ ಯಾವ ಮಾಡ್ಯೂಲ್ (ಡ್ರೈವರ್‌ನ ತುಂಡು) ಯಾವುದರ ಮೇಲೆ ಕೂತಿದೆ ಎಂದು ಕಾಣುತ್ತದೆ. ಜಾಸ್ತಿ ಕಾರ್ಡ್‌ಗಳಲ್ಲಿ ಐಡಬ್ಲ್ಯೂಎಲ್‌ವೈಫೈ ಮೇಲೆ 'ಐಡಬ್ಲ್ಯೂಎಲ್‌ಎಂವಿಎಂ' ಇರುತ್ತದೆ. ಮೇಲಿನ ಪಾತ್ರೆ ಇಳಿಸದೆ ಕೆಳಗಿನದನ್ನು ಎಳೆಯೋಕಾಗಲ್ಲ, ಹಾಗೇ ಇದೂ. 'ಮಾಡ್‌ಪ್ರೋಬ್ ಮೈನಸ್ ಆರ್' ಎಂದು ಅದನ್ನು ಮೊದಲು ಇಳಿಸಿ, ಆಮೇಲೆ ಐಡಬ್ಲ್ಯೂಎಲ್‌ವೈಫೈ. ನಂತರ ಐಡಬ್ಲ್ಯೂಎಲ್‌ವೈಫೈ ಒಂದನ್ನೇ ಏರಿಸಿದರೆ ಸಾಕು, ಇನ್ನೊಂದು ತಾನಾಗೇ ಬರುತ್ತದೆ. ಫರ್ಮ್‌ವೇರ್ ಹೊಸದಾಗಿ ತುಂಬಿ, ಪಟ್ಟಿ ಮತ್ತೆ ಕಾಣುತ್ತದೆ.

'ಎಲ್‌ಎಸ್‌ಪಿಸಿಐ' ಕಮ್ಯಾಂಡ್ ತೋರಿಸುವ ಸಾಧನಗಳ ಪಟ್ಟಿಯಲ್ಲಿ ಕಾರ್ಡೇ ಕಾಣದಿದ್ದರೆ ಇದರಿಂದ ಉಪಯೋಗವಿಲ್ಲ. ಆಗ ಪಿಸಿಐ ಬಸ್ (ಕಾರ್ಡನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ದಾರಿ) ರೀಸ್ಕ್ಯಾನ್ ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಲೇಬೇಕು.

ದಿನಾ ಹೀಗಾದರೆ, ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿಯ 'ಸಿಸ್ಟಂ-ಸ್ಲೀಪ್' ಫೋಲ್ಡರ್‌ನಲ್ಲಿ ಒಂದು ಸ್ಕ್ರಿಪ್ಟ್ ಇಡಬಹುದು. ಮಲಗುವ ಮುಂಚೆ ಅದಕ್ಕೆ 'ಪ್ರೀ' ಎಂಬ ಮಾತು ಸಿಗುತ್ತದೆ, ಎದ್ದ ಮೇಲೆ 'ಪೋಸ್ಟ್'. ಪ್ರೀ ಬಂದಾಗ ಡ್ರೈವರ್ ಇಳಿಸಿ, ಪೋಸ್ಟ್ ಬಂದಾಗ ಏರಿಸಿ. ಎಕ್ಸಿಕ್ಯೂಟ್ ಪರ್ಮಿಷನ್ ಕೊಡಲು ಮರೆಯಬೇಡಿ, ಇಲ್ಲದಿದ್ದರೆ ಸ್ಕ್ರಿಪ್ಟ್ ಓಡುವುದೇ ಇಲ್ಲ. ಹೊಸ ಕರ್ನಲ್ ಬಂದಾಗ ಅದನ್ನು ತೆಗೆದು ಒಮ್ಮೆ ಪರೀಕ್ಷಿಸಿ. ಡ್ರೈವರ್ ಅಷ್ಟರಲ್ಲಿ ರಿಪೇರಿಯಾಗಿದ್ದರೂ ಸ್ಕ್ರಿಪ್ಟ್ ಇರುವಷ್ಟು ದಿನ ನಿಮಗೆ ಅದು ಗೊತ್ತಾಗುವುದಿಲ್ಲ.