ಬಂಗಾಳ ಕೊಲ್ಲಿಯ ಗಾಳಿ, ಮಲ್ಪೆಯ ಕಡಲು

ಜೂನ್ 1ರಿಂದ ಜುಲೈ 31ರವರೆಗೆ ಮಂಗಳೂರಿನ ದಕ್ಕೆಯಲ್ಲೂ ಮಲ್ಪೆ ಬಂದರಿನಲ್ಲೂ ಯಾಂತ್ರೀಕೃತ ಬೋಟುಗಳು ಮೀನುಗಾರಿಕೆ ನಿಷೇಧದಿಂದಾಗಿ ಲಂಗರು ಹಾಕಿ ನಿಂತಿರುತ್ತವೆ. ನಮ್ಮ ಕಡಲಿನಲ್ಲಿ ವರ್ಷದ ಅತಿ ದೊಡ್ಡ ಬದಲಾವಣೆ ಕಾಣಿಸಿಕೊಳ್ಳುವುದು ಈ ಮಳೆಗಾಲದಲ್ಲೇ. ಮುಂಗಾರಿನ ಗಾಳಿ ಮೇಲ್ಪದರದ ಬೆಚ್ಚಗಿನ ನೀರನ್ನು ದಡದಿಂದ ಆಚೆಗೆ ಸರಿಸುತ್ತದೆ, ತೆರವಾದ ಜಾಗಕ್ಕೆ ಆಳದ ತಣ್ಣನೆಯ ನೀರು ಏರಿ ಬರುತ್ತದೆ. ಅದು ಹೊತ್ತು ತರುವ ನೈಟ್ರೇಟ್, ಫಾಸ್ಫೇಟ್‌ಗಳಿಂದ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿ, ಬಂಗುಡೆಗಳ ಸುಗ್ಗಿಗೆ ಆಧಾರ ಇದೇ. ಆದರೆ ಆ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಅದು ದಡದ ಹತ್ತಿರಕ್ಕೆ ಬಂದಾಗ ತಳದಲ್ಲಿ ಬದುಕುವ ಮೀನು, ಸಿಗಡಿಗಳು ಜಾಗ ಬಿಡಬೇಕಾಗುತ್ತದೆ.

ಇದಕ್ಕೆ ನಮ್ಮ ತೀರದ ಗಾಳಿಯೊಂದೇ ಕಾರಣವಲ್ಲ. ಬಂಗಾಳ ಕೊಲ್ಲಿಯಲ್ಲಿ ಬೀಸುವ ಗಾಳಿಯಿಂದ ಏಳುವ ಕೆಲ್ವಿನ್ ಅಲೆಗಳು ಭಾರತದ ಪೂರ್ವ ತೀರವನ್ನು ಹಿಡಿದು ದಕ್ಷಿಣಕ್ಕೆ ಸಾಗಿ, ಶ್ರೀಲಂಕೆಯನ್ನು ಬಳಸಿ, ಪಶ್ಚಿಮ ತೀರದಲ್ಲಿ ಉತ್ತರಾಭಿಮುಖವಾಗಿ ಬರುತ್ತವೆ. ಇವು ಕಣ್ಣಿಗೆ ಕಾಣುವ ತೆರೆಗಳಲ್ಲ. ಬೆಚ್ಚಗಿನ ಮತ್ತು ತಣ್ಣನೆಯ ನೀರಿನ ನಡುವಿನ ಗಡಿಯನ್ನೇ ನಿಧಾನವಾಗಿ ಏರಿಸಿ ಇಳಿಸುವ ಅಲೆಗಳು. ಚಳಿಗಾಲದಲ್ಲಿ ಕೊಲ್ಲಿಯ ಉಪ್ಪು ಕಡಿಮೆಯಿರುವ ನೀರು ಕೂಡ ಇದೇ ದಾರಿಯಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಹೀಗಿರುವಾಗ ಮಲ್ಪೆಯ ಕಡಲನ್ನು ಅರಿಯಲು ಮಲ್ಪೆಯಲ್ಲಿ ಮಾತ್ರ ಅಳೆದರೆ ಸಾಲದು, ಒಂದು ದೇಶ ಮಾತ್ರ ಅಳೆದರೂ ಸಾಲದು.

ಈ ಅರಿವು ಹೊಸದಲ್ಲ. 1960ರ ದಶಕದ ಮೊದಲರ್ಧದಲ್ಲಿ ಹಲವು ದೇಶಗಳ ಹಡಗುಗಳು ಸೇರಿ ನಡೆಸಿದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಸಮೀಕ್ಷೆಯ ಫಲವಾಗಿಯೇ 1966ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಇಂದು ಆ ಕೆಲಸದ ಬಹುಪಾಲನ್ನು ಮಾನವರಹಿತ ಉಪಕರಣಗಳು ಮಾಡುತ್ತಿವೆ. ಆರ್ಗೋ ಯೋಜನೆಯಡಿ ಸುಮಾರು 30 ದೇಶಗಳು ತೇಲಿಬಿಟ್ಟಿರುವ 4000ದಷ್ಟು ಉಪಕರಣಗಳು 1000 ಮೀಟರ್ ಆಳದಲ್ಲಿ ತೇಲುತ್ತಾ, ಹತ್ತು ದಿನಗಳಿಗೊಮ್ಮೆ 2000 ಮೀಟರ್‌ಗೆ ಇಳಿದು, ಮೇಲೇರುವ ದಾರಿಯುದ್ದಕ್ಕೂ ತಾಪಮಾನ ಮತ್ತು ಲವಣಾಂಶವನ್ನು ಅಳೆದು ಉಪಗ್ರಹಕ್ಕೆ ಕಳುಹಿಸುತ್ತವೆ. ಹೆಚ್ಚಿನ ದತ್ತಾಂಶ 24 ಗಂಟೆಗಳೊಳಗೆ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಭಾರತದ ಪಾಲಿನ ಕೆಲಸವನ್ನು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ (ಇನ್‌ಕಾಯ್ಸ್) ನೋಡಿಕೊಳ್ಳುತ್ತದೆ. ವಿಜ್ಞಾನದಲ್ಲಿ ದೇಶಗಳು ಇಷ್ಟು ಧಾರಾಳವಾಗಿ ಕೈಜೋಡಿಸಿದ ಉದಾಹರಣೆಗಳು ಹೆಚ್ಚಿಲ್ಲ.

ಇಷ್ಟಾದರೂ ಈ ಜಾಲದಲ್ಲಿ ದೊಡ್ಡದೊಂದು ತೂತು ಇದೆ, ಅದು ಇರುವುದು ನಮ್ಮ ಮನೆಬಾಗಿಲಲ್ಲೇ. ಆಳ ಸಾಗರಕ್ಕೆಂದು ರೂಪಿಸಿದ ಆರ್ಗೋ ಉಪಕರಣ 200 ಮೀಟರ್‌ಗಿಂತ ಕಡಿಮೆ ಆಳದ ತೀರ ಪ್ರದೇಶದಲ್ಲಿ ಕೆಲಸಕ್ಕೆ ಬರುವುದಿಲ್ಲ. ಉಪಗ್ರಹಗಳು ನೀರಿನ ಬಣ್ಣದಿಂದ ಸೂಕ್ಷ್ಮ ಸಸ್ಯಗಳ ಹಸಿರು ವರ್ಣಕವಾದ ಹರಿತ್ತನ್ನು ಅಂದಾಜು ಮಾಡುತ್ತವೆ. ಮುಂಗಾರಿನ ಮೋಡಗಳ ಕೆಳಗೆ ಅವಕ್ಕೆ ಏನೂ ಕಾಣದು, ಮೋಡ ಸರಿದರೂ ನೇತ್ರಾವತಿ, ಗುರುಪುರ ನದಿಗಳ ಕೆಸರುನೀರು ಲೆಕ್ಕವನ್ನು ಕೆಡಿಸುತ್ತದೆ. ಜೊತೆಗೆ, 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ತೀರದಿಂದ 200 ನಾಟಿಕಲ್ ಮೈಲಿನೊಳಗೆ ವಿದೇಶಿ ಸಂಶೋಧನೆಗೆ ಆಯಾ ದೇಶದ ಒಪ್ಪಿಗೆ ಬೇಕು. ಆದ್ದರಿಂದ ದಡದ ಹತ್ತಿರದ ನೀರನ್ನು ಇಲ್ಲಿಯವರೇ ಅಳೆಯಬೇಕು.

ಅಳತೆಯ ವಿಧಾನ ಮಾತ್ರ ಎಲ್ಲೆಡೆ ಒಂದೇ ಆಗಿರಬೇಕು. ಆಮ್ಲಜನಕವನ್ನು ಅಳೆಯಲು 1888ರಲ್ಲಿ ರಸಾಯನ ವಿಜ್ಞಾನಿ ವಿಂಕ್ಲರ್ ರೂಪಿಸಿದ ಕ್ರಮ ಇಂದಿಗೂ ಒರೆಗಲ್ಲಾಗಿದೆ. ಗಾಳಿಗುಳ್ಳೆ ಒಂದೂ ಉಳಿಯದಂತೆ ಗಾಜಿನ ಸೀಸೆಯನ್ನು ತುಂಬಿ, ಮ್ಯಾಂಗನೀಸ್ ಲವಣವನ್ನೂ ಅಯೊಡೈಡ್ ಬೆರೆಸಿದ ಕ್ಷಾರವನ್ನೂ ಹಾಕಿ, ಬಿರಡೆ ಬಿಗಿದು ತಿರುಗಿಸಿದರೆ ಒಳಗೆ ಮೋಡದಂತಹ ಗಸಿ ಏಳುತ್ತದೆ. ಆಮ್ಲಜನಕ ಚೆನ್ನಾಗಿದ್ದರೆ ಗಸಿಯ ಬಣ್ಣ ಗಾಢ ಕಂದು, ಇಲ್ಲವಾದರೆ ಬಿಳಿ. ಮುಂದೆ ಆಮ್ಲ ಸೇರಿಸಿ ಟೈಟ್ರೇಷನ್ (ಪ್ರಮಾಣ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಬೆರೆಸುವ ಪರೀಕ್ಷೆ) ಮಾಡಿದಾಗ ನಿಖರ ಸಂಖ್ಯೆ ಸಿಗುತ್ತದೆ. ಮಂಗಳೂರಿನ ಪ್ರಯೋಗಾಲಯದಲ್ಲಿ ಎಚ್ಚರದಿಂದ ಮಾಡಿದ ಇಂತಹ ಅಳತೆಯನ್ನು ನಾರ್ವೆಯದರ ಪಕ್ಕದಲ್ಲಿಟ್ಟು ಹೋಲಿಸಬಹುದು. ತೆಗೆದ ಸ್ಥಳ, ಆಳ, ಸಮಯಗಳನ್ನು ಬರೆಯದ ಸಂಖ್ಯೆಯಿಂದ ಅಂತಹ ಪ್ರಯೋಜನವಿಲ್ಲ.

ತೀರದ ತೂತನ್ನು ಮುಚ್ಚಲು ಬೇರೆಡೆ ಕಂಡುಕೊಂಡ ದಾರಿ ಮೀನುಗಾರರೇ. ಅಮೆರಿಕದ ಈಶಾನ್ಯ ತೀರದಲ್ಲಿ ಲಾಬ್‌ಸ್ಟರ್ ಹಿಡಿಯುವ ಬೋನುಗಳಿಗೂ, ನ್ಯೂಜಿಲೆಂಡಿನಲ್ಲಿ ಮೀನಿನ ಬಲೆಗಳಿಗೂ ಕೈಯಗಲದ ತಾಪಮಾಪಕಗಳನ್ನು ಕಟ್ಟಲಾಗಿದೆ. ಬಲೆ ನೀರಿಗಿಳಿದು ಮೇಲೆ ಬಂದಾಗಲೆಲ್ಲ ಆಳದ ಉಷ್ಣತೆ ದಾಖಲಾಗುತ್ತದೆ. ನಮ್ಮಲ್ಲಿ ಇದಕ್ಕೆ ಟ್ರಾಲ್ ಬೋಟುಗಳಷ್ಟೇ ಸಾಲವು, ಏಕೆಂದರೆ ಮುಖ್ಯವಾದ ಎರಡು ತಿಂಗಳು ಅವು ಬಂದರಿನಲ್ಲಿರುತ್ತವೆ. ಆ ಅವಧಿಯಲ್ಲಿ, ಕಡಲು ತುಸು ಶಾಂತವಾದ ದಿನಗಳಲ್ಲಿ ಇಳಿಯುವುದು ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ಮಾಟುಬಲೆಯ ನಾಡದೋಣಿಗಳು. ಮೊದಲ ಮಾಪಕಗಳನ್ನು ಅವಕ್ಕೇ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬಲೆ ಬೀಸಿದ ಜಾಗದ ಗುಟ್ಟು ಮೀನುಗಾರರ ಬಳಿಯೇ ಉಳಿಯುವಂತೆ ಲಿಖಿತ ಭರವಸೆ ಇರಬೇಕು, ಮತ್ತು ಅವರ ಬಲೆ ಅಳೆದ ಉಷ್ಣತೆ ಅದೇ ಸಂಜೆ ಅವರ ಮೊಬೈಲಿಗೆ ಕನ್ನಡದಲ್ಲಿ ಮರಳಿ ಬರಬೇಕು.