ಒಂದು ಕೆರೆ ನೋಡೋಕೆ ಇಡೀ ಚಿತ್ರ ಯಾಕೆ ಇಳಿಸಬೇಕು?

ಉಪಗ್ರಹ ಚಿತ್ರಗಳ ಕೆಲಸಕ್ಕೆ ಹೊಸದಾಗಿ ಇಳಿಯುವವರು ಸಾಮಾನ್ಯವಾಗಿ ಮೊದಲು ಕೇಳೋದು, ಕ್ಲೌಡ್‌ನಲ್ಲಿ ಎಷ್ಟು ಟೆರಾಬೈಟ್ ಜಾಗ ತಗೋಬೇಕು ಅಂತ. ಜಾಗದ ಮಾತು ಆಮೇಲೆ. ಇಟ್ಟದ್ದನ್ನು ಹುಡುಕೋದು ಹೇಗೆ, ಬೇಕಾದ ಚೂರನ್ನಷ್ಟೇ ಓದೋದು ಹೇಗೆ ಅನ್ನೋದನ್ನು ಮೊದಲು ನೋಡಿ.

ಬೆಳ್ಳಂದೂರು ಕೆರೆಯನ್ನೇ ತಗೊಳ್ಳಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು ಐದು ದಿನಕ್ಕೊಮ್ಮೆ ಅದರ ಚಿತ್ರ ತೆಗೆಯುತ್ತವೆ. ಚಿತ್ರ ಉಚಿತ. ಆದರೆ ಒಂದೊಂದು ಟೈಲ್ (ಚಿತ್ರಗಳನ್ನು ಹಂಚುವ ಚೌಕಾಕಾರದ ತುಂಡು) ಕೂಡ ಸುಮಾರು 110 ಕಿ.ಮೀ. ಉದ್ದ, ಅಷ್ಟೇ ಅಗಲ. ಒಂದು ಪಿಕ್ಸೆಲ್ ಅಂದ್ರೆ ನೆಲದ ಹತ್ತು ಮೀಟರ್ ಅನ್ನೋ ವಿವರದ ಒಂದು ಬ್ಯಾಂಡ್‌ನಲ್ಲಿ, ಅಂದ್ರೆ ಒಂದು ಬಗೆಯ ಬೆಳಕಿನ ಚಿತ್ರದಲ್ಲಿ, 12 ಕೋಟಿ ಪಿಕ್ಸೆಲ್ ಇರುತ್ತವೆ. ಸುಮಾರು 900 ಎಕರೆಯ ಕೆರೆಗೆ ಬೇಕಾದದ್ದು ಅದರಲ್ಲಿ 36 ಸಾವಿರದಷ್ಟು ಮಾತ್ರ.

ಇಲ್ಲಿ ಕೆಲಸಕ್ಕೆ ಬರೋದು ಕ್ಲೌಡ್ ಆಪ್ಟಿಮೈಸ್ಡ್ ಜಿಯೋಟಿಫ್. ಹೆಸರು ದೊಡ್ಡದು, ಒಳಗಿರೋದು ಮಾಮೂಲಿ ಜಿಯೋಟಿಫ್ ಫೈಲೇ, ಅಂದ್ರೆ ಭೂಮಿಯ ಮೇಲೆ ಎಲ್ಲಿಯದು ಅನ್ನೋ ವಿವರವೂ ಸೇರಿರುವ ಚಿತ್ರದ ಫೈಲ್. ಚಿತ್ರವನ್ನು ಒಳಗೇ ಸಣ್ಣ ಚೌಕಗಳಾಗಿ ಕತ್ತರಿಸಿ, ಯಾವ ಚೌಕ ಎಲ್ಲಿದೆ ಅನ್ನೋ ಪಟ್ಟಿಯನ್ನು ಫೈಲಿನ ಆರಂಭದಲ್ಲೇ ಇಟ್ಟಿರುತ್ತಾರೆ. ಪ್ರೋಗ್ರಾಂ ಮೊದಲು ಆ ಪಟ್ಟಿ ಓದುತ್ತದೆ, ಆಮೇಲೆ ಇಷ್ಟನೇ ಬೈಟ್‌ನಿಂದ ಇಷ್ಟನೇ ಬೈಟ್‌ವರೆಗೆ ಕೊಡು ಅಂತ ಕೇಳುತ್ತದೆ. ಚೌಕದ ಬದಿ 512 ಪಿಕ್ಸೆಲ್ ಇದ್ದರೆ, ನೆಲದ ಮೇಲೆ ಅದು ಐದು ಕಿಲೋಮೀಟರ್ ಚಿಲ್ಲರೆ. ಕೆರೆ ಒಂದೇ ಚೌಕದಲ್ಲಿ ಕೂತರೆ ಅದೃಷ್ಟ, ಇಲ್ಲದಿದ್ದರೆ ಜಾಸ್ತಿ ಅಂದ್ರೆ ನಾಲ್ಕು. ಉಳಿದದ್ದನ್ನು ಮುಟ್ಟೋದೇ ಬೇಡ.

ಸರಿ, ಯಾವ ಫೈಲ್ ಅಂತ ಗೊತ್ತಾಗೋದು ಹೇಗೆ? ಬಕೆಟ್‌ನಲ್ಲಿ (ಕ್ಲೌಡ್‌ನಲ್ಲಿ ಫೈಲ್ ಇಡುವ ಜಾಗಕ್ಕೆ ಹಾಗನ್ನುತ್ತಾರೆ) ಫೋಲ್ಡರ್ ಜೋಡಿಸಿದರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ. ನಿಜ ಹೇಳಬೇಕಂದ್ರೆ ಅಲ್ಲಿ ಫೋಲ್ಡರ್‌ಗಳೇ ಇಲ್ಲ, ಇರೋದು ಉದ್ದುದ್ದ ಫೈಲ್ ಹೆಸರುಗಳು. ಅದಕ್ಕೇ ಸ್ಟ್ಯಾಕ್ ಅನ್ನೋ ಕ್ಯಾಟಲಾಗ್ ಪದ್ಧತಿ ಬಂತು. ಪ್ರತಿ ಚಿತ್ರಕ್ಕೂ ಒಂದು ಪುಟ್ಟ ಜೇಸನ್ ಫೈಲ್, ಅಂದ್ರೆ ಪ್ರೋಗ್ರಾಂ ಓದಬಲ್ಲ ಸರಳ ಪಠ್ಯದ ಪಟ್ಟಿ: ಎಲ್ಲಿಯದು, ಯಾವತ್ತಿನದು, ಮೋಡ ಎಷ್ಟು, ಬ್ಯಾಂಡ್‌ಗಳು ಎಲ್ಲಿವೆ. ಜುಲೈ ತಿಂಗಳ ಮೋಡದಲ್ಲಿ ಮುಚ್ಚಿಹೋದ ಚಿತ್ರಗಳನ್ನು ತೆರೆಯದೇ ಬದಿಗಿಡಬಹುದು.

ಈ ಕ್ಯಾಟಲಾಗ್‌ನಲ್ಲಿ ಜನ ಸುಮ್ನೆ ಬಿಟ್ಟುಬಿಡುವ ಒಂದು ವಿವರವಿದೆ, ಚಿತ್ರವನ್ನು ಯಾವ ಆವೃತ್ತಿಯಲ್ಲಿ ಸಂಸ್ಕರಿಸಿದ್ದು ಅನ್ನೋದು. ಸೆಂಟಿನೆಲ್-2ರಲ್ಲಿ 2022ರ ಜನವರಿ 25ರಿಂದ ಬಂದ ಚಿತ್ರಗಳಲ್ಲಿ ಪಿಕ್ಸೆಲ್‌ಗಳ ಬೆಳಕು ಎಷ್ಟು ಅಂತ ಹೇಳುವ ಅಂಕಿಗಳಿಗೆ 1000 ಸೇರಿರುತ್ತದೆ. ನೀರು ಗುರುತಿಸಲು ಹಸಿರು ಮತ್ತು ಅವಕೆಂಪು ಬ್ಯಾಂಡ್‌ಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸುತ್ತೇವೆ. ಹಸಿರು 600, ಅವಕೆಂಪು 200 ಇದ್ದರೆ ಉತ್ತರ 0.5. ಎರಡಕ್ಕೂ 1000 ಸೇರಿದರೆ ಅದೇ ನೀರು 0.14 ಆಗುತ್ತದೆ. ನೀರು ಅನ್ನೋಕೆ 0.3 ಗಡಿ ಇಟ್ಟುಕೊಂಡಿದ್ದರೆ ಕೆರೆ ರಾತ್ರೋರಾತ್ರಿ ಬತ್ತಿಹೋಯಿತು, ಅಲ್ವಾ? ಕೆಲವು ಸಂಗ್ರಹಗಳು ಆ ಸಾವಿರವನ್ನು ಮೊದಲೇ ಕಳೆದು ಕೊಡುತ್ತವೆ. ಅಲ್ಲಿ ನೀವು ಇನ್ನೊಮ್ಮೆ ಕಳೆದರೆ ಅದೂ ಎಡವಟ್ಟೇ. ಕಳೆದಿದೆಯೋ ಇಲ್ಲವೋ ಅಂತ ಕ್ಯಾಟಲಾಗೇ ಹೇಳಬೇಕು, ಯಾರದೋ ನೆನಪು ನಂಬಬಾರದು.

ಕೋಲಾರದ ಕಡೆ ಹೋದರೆ ಇನ್ನೊಂದು ತಾಪತ್ರಯ. 78 ಡಿಗ್ರಿ ರೇಖಾಂಶ ದಾಟಿದ ಕೂಡಲೇ ಯುಟಿಎಂ (ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿ ಸಮತಟ್ಟು ನಕ್ಷೆ ಮಾಡುವ ಪದ್ಧತಿ) ವಲಯ 43 ಹೋಗಿ 44 ಬರುತ್ತದೆ. ಬೆಂಗಳೂರಿನ ಟೈಲಿಗೆ ಮುಳಬಾಗಿಲಿನ ಟೈಲ್ ಹಾಗೇ ಹೊಂದುವುದಿಲ್ಲ. ಮೂಲವನ್ನು ಅದರದೇ ವಲಯದಲ್ಲಿ ಬಿಡಿ, ಜೋಡಿಸುವಾಗ ಮಾತ್ರ ಬದಲಿಸಿ.

ಇನ್ನು ದುಡ್ಡಿನ ವಿಷಯ. ಬಿಲ್ ನೋಡಿ ಬೆಚ್ಚುವುದು ಬಹಳಷ್ಟು ಸಲ ಇಟ್ಟ ಡೇಟಾದಿಂದಲ್ಲ, ಹೊರಗೆ ಎಳೆದ ಡೇಟಾದಿಂದ. ಚಿತ್ರಗಳು ಅಮೆರಿಕದ ಆರೆಗಾನ್‌ನಲ್ಲಿದ್ದರೆ ನಿಮ್ಮ ಸರ್ವರ್ ಅಲ್ಲೇ ತೆರೆಯಿರಿ, ಲೆಕ್ಕ ಹಾಕಿ ಬಂದ ಉತ್ತರವನ್ನಷ್ಟೇ ಇಲ್ಲಿಗೆ ತನ್ನಿ. ಸೆಂಟಿನೆಲ್ ಚಿತ್ರಗಳ ಪ್ರತಿ ಮಾಡಿ ನಿಮ್ಮ ಬಕೆಟ್‌ನಲ್ಲಿ ತುಂಬಿಕೊಳ್ಳೋದು ನನ್ನ ಮಟ್ಟಿಗೆ ದಂಡ, ಕಳೆದುಹೋದರೂ ಮತ್ತೆ ಸಿಗುತ್ತವೆ. ನೀವೇ ಡ್ರೋನ್ ಹಾರಿಸಿ ತೆಗೆದ ಚಿತ್ರಗಳು ಹಾಗಲ್ಲ. ಅವನ್ನು ಎರಡು ಊರಿನ ಡೇಟಾ ಸೆಂಟರ್‌ಗಳಲ್ಲಿ ಇಡಿ, ಅಳಿಸುವ ಅನುಮತಿ ಒಬ್ಬರಿಗೆ ಮಾತ್ರ ಕೊಡಿ.